ಧೂಪದಾಳದ ಹಕ್ಕಿಗೆ ಯಾವ ದುರ್ಬೀನು?

ದುರ್ಬೀನು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಮಾತು: 'ಇದರಾಗ ಎಷ್ಟು ಕಿಲೋಮೀಟರ್ ಕಾಣ್ತೈತ್ರೀ?' ಅಂಗಡಿಯವರೂ ಹಿಂದೆಮುಂದೆ ನೋಡದೆ ಐದೋ ಹತ್ತೋ ಎಂದುಬಿಡುತ್ತಾರೆ. ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರ ಬರಿಗಣ್ಣಿಗೇ ಕಾಣುತ್ತಾನೆ ಎಂಬುದು ಆಗ ಇಬ್ಬರಿಗೂ ನೆನಪಾಗುವುದಿಲ್ಲ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಚಳಿಗಾಲದ ಬೆಳಿಗ್ಗೆ ಆರೂವರೆಗೆ, ನೀರ ಮೇಲೆ ಮಂಜು ಇನ್ನೂ ಕುಳಿತಿರುವಾಗ, ಮುನ್ನೂರು ಮೀಟರ್ ಆಚೆಯ ಬೆಳ್ಳಕ್ಕಿಯ ಕೊಕ್ಕು ಕಪ್ಪೋ ಹಳದಿಯೋ ಎಂದು ಇದರಲ್ಲಿ ತಿಳಿಯುತ್ತದೆಯೇ? ತಿಳಿದರೆ ಹಕ್ಕಿಯ ಹೆಸರೂ ತಿಳಿದಂತೆ. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಪಾದ ಹಳದಿ. ಮೂಡಲಗಿಯ ಕಡೆ ಟ್ರ್ಯಾಕ್ಟರ್ ಹಿಂದೆ ಹುಳ ಆರಿಸುತ್ತ ನಡೆಯುವ ದನಗಾಹಿ ಬೆಳ್ಳಕ್ಕಿಯದು ಹಳದಿ ಕೊಕ್ಕು. ಅಷ್ಟನ್ನು ಸರಿಯಾಗಿ ತೋರಿಸದ ದುರ್ಬೀನು ಎಷ್ಟು ಕಿಲೋಮೀಟರಿನದಾದರೂ ಪ್ರಯೋಜನವಿಲ್ಲ.

ಈ ಪ್ರಶ್ನೆ ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಉಳಿದವರಿಗಿಂತ ಹತ್ತಿರದ್ದು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಘಟಪ್ರಭೆಯನ್ನು ತಡೆದು ನಿಲ್ಲಿಸಿದ ಹಿನ್ನೀರೇ ಇಂದು ಘಟಪ್ರಭಾ ಪಕ್ಷಿಧಾಮ. 1974ರಲ್ಲಿ ಘೋಷಣೆಯಾದ ಇದರ ವಿಸ್ತಾರ 29.78 ಚದರ ಕಿಲೋಮೀಟರ್. ಮಿರಜ್-ಲೋಂಡಾ ರೈಲು ಮಾರ್ಗದ ಘಟಪ್ರಭಾ ನಿಲ್ದಾಣದಲ್ಲಿ ಇಳಿದರೆ ಪಕ್ಷಿಧಾಮ ದೂರವೇನಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಮಧ್ಯ ಏಷ್ಯಾ ಮತ್ತು ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಡೆಮಾಯ್ಸೆಲ್ ಕ್ರೇನ್‌ಗಳಿಂದಲೂ ಯುರೋಪಿನ ಬಿಳಿ ಕೊಕ್ಕರೆಗಳಿಂದಲೂ ಈ ಜಾಗಕ್ಕೆ ಹೆಸರು ಬಂದಿದೆ. ನದಿಯ ಮೇಲ್ಗಡೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವಿದೆ, ತುಂಬಿದರೆ 51 ಟಿಎಂಸಿ ನೀರು. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ, ಗೋಕಾಕ ಫಾಲ್ಸ್‌ನ ಬಂಡೆಗೋಡೆ, ವಲ್ಲಭಗಡದ ಗುಡ್ಡ, ಎಲ್ಲಿ ನೋಡಿದರೂ ಕಬ್ಬು. ಹಕ್ಕಿ ನೋಡುವವರಿಗೆ ಜಾಗಕ್ಕೆ ಬರವಿಲ್ಲ. ಕೈಯಲ್ಲಿ ನೆಟ್ಟಗಿನ ದುರ್ಬೀನು ಇರುವವರೇ ಕಡಿಮೆ.

ಒಂದು ಕಾಲಕ್ಕೆ ಇಲ್ಲಿ ಹಕ್ಕಿಯನ್ನು ಗುರುತಿಸುವ ಸಾಧನ ಬಂದೂಕೇ ಆಗಿತ್ತು. ಬೆಳಗಾವಿ ದಂಡಿನಲ್ಲಿದ್ದ ಕ್ಯಾಪ್ಟನ್ ಇ. ಎ. ಬಟ್ಲರ್ ದಕ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು ಮಾಡಿದ್ದ. ಅದು 1881ರಲ್ಲಿ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ನಡೆಸುತ್ತಿದ್ದವನು ಮುಂದೆ ಕಾಂಗ್ರೆಸ್ ಕಟ್ಟಿದ ಎ. ಒ. ಹ್ಯೂಮ್. ಹಕ್ಕಿಯನ್ನು ಹೊಡೆದು, ಚರ್ಮ ಬಿಡಿಸಿ, ಅಳೆದು ಹೆಸರಿಡುವುದು ಆ ಕಾಲದ ವಿಜ್ಞಾನದ ಪದ್ಧತಿ. ಸ್ವಾತಂತ್ರ್ಯದ ನಂತರವೂ ಬೇಟೆ ನಿಂತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಮೊದಲಿಗೆ ಸಣ್ಣ ಬೇಟೆಗೆಂದು ಬೇರೆಯೇ ಪರವಾನಗಿಯ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮೊಲ, ಗೌಜಲಹಕ್ಕಿ, ಲಾವಕ್ಕಿ ಎಲ್ಲವೂ ಈಗ ಕಾಯ್ದೆಯ ರಕ್ಷಣೆಯಲ್ಲಿವೆ. ಅಭಯಾರಣ್ಯದೊಳಗೆ ಬೇಟೆಯಾಡಿ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಪಾಯಿಂಟ್ ಟೂಟೂ ರೈಫಲ್ಲಿನ ಮೇಲೆ ಕೂರುತ್ತಿದ್ದ ಗಾಜಿಗೆ ಇಲ್ಲಿ ಉಳಿದಿರುವ ಕೆಲಸ ಗುರಿ ಅಭ್ಯಾಸದ ರೇಂಜಿನಲ್ಲಿ ಮಾತ್ರ. ಹೊಲ, ಕೆರೆ, ಗುಡ್ಡಕ್ಕೆ ಬೇಕಾದ ಗಾಜು ದುರ್ಬೀನಿನದು.

ದುರ್ಬೀನಿನ ಮೈಮೇಲೆ 8×42, 10×50 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಧೂಪದಾಳದ ಹಿನ್ನೀರಿನಲ್ಲಿ ನಾನೂರು ಮೀಟರ್ ದೂರದ ಕೆಸರುದಿಬ್ಬದ ಮೇಲೆ ಬಣ್ಣದ ಕೊಕ್ಕರೆ ನಿಂತಿದೆ ಎನ್ನಿ. 8 ಪಟ್ಟಿನ ದುರ್ಬೀನು ಅದನ್ನು ಐವತ್ತು ಮೀಟರಿಗೆ ತಂದಂತೆ ತೋರಿಸುತ್ತದೆ, 10 ಪಟ್ಟಿನದು ನಲವತ್ತಕ್ಕೆ. ವ್ಯತ್ಯಾಸ ಹತ್ತೇ ಮೀಟರ್. ಆ ಹತ್ತು ಮೀಟರಿಗೆ ತೆರುವ ಬೆಲೆ ಮಾತ್ರ ಸಣ್ಣದಲ್ಲ. ಹಕ್ಕಿ ದೊಡ್ಡದಾದಷ್ಟೇ ಕೈ ನಡುಕವೂ ದೊಡ್ಡದಾಗುತ್ತದೆ, ನೋಟದ ಹರಹು ಕಿರಿದಾಗುತ್ತದೆ. 12 ಪಟ್ಟು ದಾಟಿದರೆ ಸ್ಟ್ಯಾಂಡ್ ಇಲ್ಲದೆ ನೆಮ್ಮದಿಯಾಗಿ ನೋಡಲಾಗದು.

ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42 ಭಾಗಿಸು 8 ಎಂದರೆ 5.25. ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಲ್ಲೆಯ ಅಗಲ ಇದು. ಅಂಗಡಿಗಳಲ್ಲಿ ಯಾರೂ ಈ ಲೆಕ್ಕ ಹೇಳುವುದಿಲ್ಲ, ಆದರೆ ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿಲ್ಲ. ಮಟಮಟ ಮಧ್ಯಾಹ್ನ ಮನುಷ್ಯನ ಕಣ್ಣಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ಬೆಳಗಿನ ಜಾವ, ಮುಸ್ಸಂಜೆಗೆ ಐದರವರೆಗೂ ಅದಕ್ಕಿಂತ ಹೆಚ್ಚಾಗಿಯೂ ಅರಳುತ್ತದೆ. ವಯಸ್ಸಾದಂತೆ ಈ ಅರಳುವಿಕೆ ಕಡಿಮೆ. ಜೇಬಿಗೆ ಹಿಡಿಸುವ 10×25ರ ಬಿಲ್ಲೆ ಬರೀ 2.5 ಮಿಲಿಮೀಟರ್. ಮಧ್ಯಾಹ್ನಕ್ಕೆ ಸಾಕು, ಆದರೆ ಹಕ್ಕಿಗಳು ಚುರುಕಾಗಿರುವ ಹೊತ್ತಿಗೇ ಅದರಲ್ಲಿ ಎಲ್ಲವೂ ಮಸುಕು. 8×42 ಅಥವಾ 8×40 ಎರಡೂ ಹೊತ್ತಿಗೆ ಒದಗುತ್ತದೆ. 7×50ರಲ್ಲಿ ಬಿಲ್ಲೆ 7 ಮಿಲಿಮೀಟರ್ ದಾಟುತ್ತದೆ. ಹಡಗಿನವರಿಗೆ ರಾತ್ರಿ ಅದು ಬೇಕು. ಹೊಲದ ಬದುವಿನಲ್ಲಿ ನಿಂತವರಿಗೆ ಅದರ ಭಾರವಷ್ಟೇ ಲಾಭ.

ಈ ಮೂರು ತಾಲ್ಲೂಕಿಗೆ 8 ಪಟ್ಟೇ ಸರಿ ಎನ್ನಲು ಇನ್ನೊಂದು ಕಾರಣ ಇಲ್ಲಿಯ ಗಾಳಿ. ವಲಸೆ ಹಕ್ಕಿಗಳ ಕಾಲವೂ ಕಬ್ಬು ಕಡಿಯುವ ಕಾಲವೂ ಒಂದೇ. ಕಾರ್ಖಾನೆಗಳು ನುರಿಸುತ್ತಿರುತ್ತವೆ, ರಸ್ತೆಯ ತುಂಬ ಗಾಡಿ-ಟ್ರೇಲರುಗಳ ಧೂಳು, ಅಲ್ಲಲ್ಲಿ ರವದಿ ಸುಟ್ಟ ಹೊಗೆ. ಹತ್ತು ಗಂಟೆ ದಾಟಿದರೆ ಎರೆ ಹೊಲದ ಮೇಲೆ ಬಿಸಿಗಾಳಿ ಕುಣಿಯತೊಡಗುತ್ತದೆ. ದುರ್ಬೀನು ಹಕ್ಕಿಯನ್ನು ಹಿಗ್ಗಿಸಿದಷ್ಟೇ ಈ ಹೊಗೆ, ಧೂಳು, ಕುಣಿತವನ್ನೂ ಹಿಗ್ಗಿಸುತ್ತದೆ. ಫೆಬ್ರವರಿಯ ಮಧ್ಯಾಹ್ನ ಮೂಡಲಗಿಯ ಬಯಲಲ್ಲಿ 16 ಪಟ್ಟಿನ ದುರ್ಬೀನು ಹಿಡಿದವರಿಗೆ ದೂರದ ಗಿಡುಗಕ್ಕಿಂತ ಕುಣಿಯುವ ಗಾಳಿಯೇ ಹೆಚ್ಚು ಕಾಣುತ್ತದೆ. ಇನ್ನು ಕಬ್ಬಿನ ಅಂಚಿಗೆ ಬಂದರೆ ಹಕ್ಕಿ ದೂರವೇ ಇರುವುದಿಲ್ಲ. ತಂತಿಯ ಮೇಲಿನ ಕಳ್ಳಿಪೀರ ಹದಿನೈದು ಮೀಟರಿನಲ್ಲಿ ಕುಳಿತು, ಹಾರಿ, ನೊಣ ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಅದನ್ನು ಹಿಂಬಾಲಿಸಲು ನೋಟ ಅಗಲವಾಗಿರಬೇಕು. 8 ಡಿಗ್ರಿ ಹರಹಿನ ದುರ್ಬೀನಿನಲ್ಲಿ ನೂರು ಮೀಟರ್ ದೂರದ ಹದಿನಾಲ್ಕು ಮೀಟರ್ ಅಗಲದ ಜಾಗ ಕಾಣುತ್ತದೆ. 6.5 ಡಿಗ್ರಿಯದರಲ್ಲಿ ಹನ್ನೊಂದು ಚಿಲ್ಲರೆ. ಹೊಸಬರು 'ಹಕ್ಕಿ ಸಿಗವಲ್ದು' ಎಂದು ಬೇಸರಿಸಿ ದುರ್ಬೀನನ್ನು ಕಪಾಟಿಗೆ ಸೇರಿಸಲು ಈ ಮೂರು ಮೀಟರೇ ಸಾಕು.

ಜಾತ್ರೆಯಲ್ಲೂ ಆನ್‌ಲೈನಿನಲ್ಲೂ ಧಾರಾಳವಾಗಿ ಸಿಗುವ ಒಂದು ಜಾತಿಯ ಮಾಲಿದೆ: ಮುಂದಿನ ಗಾಜು ಕೆಂಪಗೆ ಹೊಳೆಯುತ್ತದೆ, ಮೈಮೇಲೆ '20-180×100 ಜೂಮ್' ಎಂದು ಬರೆದಿರುತ್ತದೆ, ಬೆಲೆ ಒಂದೂವರೆ ಸಾವಿರ. ಬರೆದದ್ದು ನಿಜವೇ ಆಗಿದ್ದರೂ 100 ಭಾಗಿಸು 180 ಎಂದರೆ ಬೆಳಕಿನ ಬಿಲ್ಲೆ ಅರ್ಧ ಮಿಲಿಮೀಟರಿನ ಸುತ್ತಮುತ್ತ, ಅಂದರೆ ಕತ್ತಲೆ. ಹೋಗಲಿ, ಮುಂದಿನ ಗಾಜಿಗೆ ಸ್ಕೇಲು ಹಿಡಿದು ನೋಡಿದರೆ ಹಲವು ಸಲ ಆ 100 ಮಿಲಿಮೀಟರೂ ಇರುವುದಿಲ್ಲ. ಕೆಂಪು ಲೇಪ ಕೆಂಪು ಬೆಳಕನ್ನೇ ಹಿಂದಕ್ಕೆ ಎಸೆಯುವುದರಿಂದ ಹಕ್ಕಿಯ ಬಣ್ಣ ಹಸಿರು-ನೀಲಿಗೆ ತಿರುಗುತ್ತದೆ. ಬಣ್ಣ ನೋಡಿ ಹೆಸರು ಹೇಳಬೇಕಾದವರಿಗೆ ಇದಕ್ಕಿಂತ ಕೆಟ್ಟ ಗಾಜು ಬೇಡ.

ಮೇಲ್ನೋಟಕ್ಕೆ ದುರ್ಬೀನುಗಳಲ್ಲಿ ಎರಡು ಬಗೆ. ಮುಂದಿನ ಕೊಳವೆಗಳು ಕಣ್ಣಿನ ಕೊಳವೆಗಳಿಗಿಂತ ದೂರ ನಿಂತು, ಮೈ ಸೊಟ್ಟಗಿರುವುದು ಪೊರೊ ಪ್ರಿಸಂನದು. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ರಚನೆ ಇದು, ಇಂದಿಗೂ ಕಡಿಮೆ ದುಡ್ಡಿಗೆ ಒಳ್ಳೆಯ ನೋಟ ಕೊಡುತ್ತದೆ. ಎರಡು ನೆಟ್ಟಗಿನ ಕೊಳವೆಗಳ ಹಾಗೆ ಕಾಣುವುದು ರೂಫ್ ಪ್ರಿಸಂನದು. ಹಗುರ, ಹಿಡಿಯಲು ಸಲೀಸು, ನೀರು ಬಿಡದಂತೆ ಮುಚ್ಚುವುದೂ ಸುಲಭ. ಆದರೆ ಅದರ ಪ್ರಿಸಂ ಚೊಕ್ಕವಾಗಿ ತಯಾರಾಗಬೇಕು, ಮೇಲೆ ಫೇಸ್ ಕೋಟಿಂಗ್ ಎಂಬ ವಿಶೇಷ ಲೇಪವೂ ಬೇಕು. ಅದಿಲ್ಲದ ಅಗ್ಗದ ರೂಫ್‌ಗಿಂತ ಅದೇ ಬೆಲೆಯ ಪೊರೊ ಮೇಲು. ಐದು ಸಾವಿರಕ್ಕೆ ತೆಳ್ಳಗಿನ, ಚೆಂದದ ರೂಫ್ ದುರ್ಬೀನು ಸಿಕ್ಕಿತೆಂದು ಹಿಗ್ಗುವವರು ಅದೇ ಅಂಗಡಿಯಲ್ಲಿ ಒಂದು ಸೊಟ್ಟ ಮೈಯದನ್ನೂ ಕಣ್ಣಿಗೆ ಹಿಡಿದು ನೋಡಲಿ.

ಪೆಟ್ಟಿಗೆಯ ಮೇಲೆ ಎರಡು ಪದ ಹುಡುಕಬೇಕು. ಒಂದು 'ಬ್ಯಾಕ್-4', ಪ್ರಿಸಂ ಗಾಜಿನ ದರ್ಜೆ. ಇನ್ನೊಂದು 'ಫುಲ್ಲಿ ಮಲ್ಟಿ ಕೋಟೆಡ್', ಅಂದರೆ ಗಾಳಿಗೆ ತಾಗುವ ಪ್ರತಿ ಗಾಜಿನ ಮೈಗೂ ಹಲವು ಪದರದ ಲೇಪ ಕೊಟ್ಟಿದೆ ಎಂದು. ಬರೀ 'ಕೋಟೆಡ್' ಎಂದಿದ್ದರೆ ಎಲ್ಲೋ ಒಂದೆರಡು ಗಾಜಿಗೆ ಒಂದು ಪದರ ಬಳಿದಿದ್ದರೂ ಸುಳ್ಳಾಗುವುದಿಲ್ಲ.

ಇನ್ನು ಕನ್ನಡಕದವರ ಪಾಡು. ಕಣ್ಣನ್ನು ಗಾಜಿನಿಂದ ಎಷ್ಟು ದೂರದಲ್ಲಿ ಇಟ್ಟರೆ ಪೂರ್ತಿ ನೋಟ ಸಿಗುತ್ತದೋ ಆ ಅಂತರಕ್ಕೆ ಐ ರಿಲೀಫ್ ಎನ್ನುತ್ತಾರೆ. ಕನ್ನಡಕ ಹಾಕುವವರಿಗೆ ಅದು 15 ಮಿಲಿಮೀಟರಿಗೆ ಕಡಿಮೆ ಇರಬಾರದು. ಕಡಿಮೆಯಾದರೆ ಕಿಂಡಿಯಲ್ಲಿ ಇಣುಕಿದಷ್ಟೇ ಜಾಗ ಕಾಣುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳುವುದು? ಹತ್ತು ಸಾವಿರದೊಳಗಿನ ಹೆಸರುಗಳಲ್ಲಿ ಭಾರತದ ಹಕ್ಕಿ ವೀಕ್ಷಕರ ಕೈಯಲ್ಲಿ ಹೆಚ್ಚು ಕಾಣುವವು ಎರಡು: ನಿಕಾನ್ ಅಕ್ಯುಲಾನ್ ಎ211 ಸರಣಿಯ 8×42 ಮತ್ತು ಒಲಿಂಪಸ್ 8×40 ಡಿಪಿಎಸ್-1. ಎರಡೂ ಪೊರೊ, ಎರಡರದೂ ಹರಹು 8 ಡಿಗ್ರಿಯ ಆಸುಪಾಸು, ತೂಕ ಮುಕ್ಕಾಲು ಕಿಲೋದ ಸುತ್ತಮುತ್ತ. ಕೊರತೆಗಳೂ ಎರಡಕ್ಕೂ ಸಮ. ಐ ರಿಲೀಫ್ 12 ಮಿಲಿಮೀಟರ್ ಮಾತ್ರ, ಆದ್ದರಿಂದ ಕನ್ನಡಕದವರಿಗೆ ಒಗ್ಗುವುದಿಲ್ಲ. ನೀರು ತಡೆಯುವುದೂ ಇಲ್ಲ. ಇನ್ನಷ್ಟು ಸಾವಿರ ಸೇರಿಸಿ ಹತ್ತು ಸಾವಿರ ದಾಟಿದರೆ ನಿಕಾನ್ ಪ್ರೊಸ್ಟಾಫ್ ಪಿ3ಯ 8×42 ಇದೆ. ಅದು ರೂಫ್, ತೂಕ ಆರುನೂರು ಗ್ರಾಮಿಗೂ ಕಡಿಮೆ, ಕನ್ನಡಕ ಹಾಕಿಕೊಂಡೇ ನೋಡಬಹುದು, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿರುವುದರಿಂದ ಮಳೆಗೂ ಹೆದರಬೇಕಿಲ್ಲ. ಹರಹು ಮಾತ್ರ ಸ್ವಲ್ಪ ಕಿರಿದು. ಬೆಲೆಗಳು ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಏರಿಳಿಯುತ್ತವೆ. ದಸರಾ-ದೀಪಾವಳಿ ಹೊತ್ತಿಗೆ ಕೊಂಡರೆ ರಿಯಾಯಿತಿಯೂ ಸಿಗುತ್ತದೆ, ಹಕ್ಕಿಗಳ ಕಾಲಕ್ಕೂ ಸರಿಹೋಗುತ್ತದೆ.

ಆಯ್ಕೆಗೆ ಒಂದು ಸರಳ ದಾರಿ ಎಂದರೆ ಎಲ್ಲಿ ಹೆಚ್ಚು ನೋಡುತ್ತೀರಿ ಎಂದು ಕೇಳಿಕೊಳ್ಳುವುದು. ಆಗಸ್ಟಿನಲ್ಲಿ ಗೋಕಾಕ ಫಾಲ್ಸ್‌ನ ತೂಗುಸೇತುವೆಯ ಬಳಿ ನಿಂತರೆ 52 ಮೀಟರ್ ಕೆಳಕ್ಕೆ ಬೀಳುವ ಘಟಪ್ರಭೆಯ ತುಂತುರು ಮುಖಕ್ಕೆ ಬಡಿಯುತ್ತಿರುತ್ತದೆ. ಅಂಥಲ್ಲಿಗೆ ಮುಚ್ಚಿದ ರೂಫ್ ದುರ್ಬೀನೇ ಬೇಕು. ಮಳೆಗಾಲ ಕಳೆದ ಮೇಲೆ ಧೂಪದಾಳ, ಹೊಲದ ಬದು, ಊರ ಕೆರೆ ಎನ್ನುವವರಿಗೆ ಹತ್ತು ಸಾವಿರದೊಳಗಿನ ಪೊರೊ ಸಾಕು. ಉಳಿದ ದುಡ್ಡಿನಲ್ಲಿ ಹಕ್ಕಿಗಳನ್ನು ಗುರುತಿಸುವ ಪುಸ್ತಕ ಕೊಳ್ಳಲಿ. ನಾಲ್ಕು ಸಾವಿರಕ್ಕೂ ಕಡಿಮೆ ಇದ್ದರೆ? ಆಗ ಕಾಯುವುದೇ ಲೇಸು. ಇಲ್ಲವೇ ನಾಲ್ಕು ಗೆಳೆಯರು ಸೇರಿ ಒಂದು ಕೊಳ್ಳಲಿ. ಶಾಲೆಗಳಿಗೂ ಇದೇ ಮಾತು: ಹತ್ತು ಆಟಿಕೆ ದುರ್ಬೀನಿಗಿಂತ ಸರಿಯಾದ ಎರಡು ಹೆಚ್ಚು ಮಕ್ಕಳಿಗೆ ಹಕ್ಕಿ ತೋರಿಸುತ್ತವೆ.

ಗನ್ ಹೌಸುಗಳಲ್ಲಿ ಸಿಗುವ ಏರ್‌ಗನ್ನಿನ ಸ್ಕೋಪು ಅಗ್ಗ, ಅದನ್ನೇ ಕೈಯಲ್ಲಿ ಹಿಡಿದು ಹಕ್ಕಿ ನೋಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಸ್ಕೋಪಿಗೆ ಕಣ್ಣನ್ನು ಮೂರು-ನಾಲ್ಕು ಇಂಚು ಹಿಂದೆ ಇಡಬೇಕು, ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವುದರಿಂದ ಕಣ್ಣಿಗೆ ಪೆಟ್ಟಾಗದಿರಲಿ ಎಂದು ಅದನ್ನು ಹಾಗೆ ಮಾಡಿರುತ್ತಾರೆ. ಕೈಯಲ್ಲಿ ಹಿಡಿದರೆ ಆ ಅಂತರ ನಿಲ್ಲುವುದಿಲ್ಲ, ನೋಟ ಕ್ಷಣಕ್ಷಣಕ್ಕೂ ಕಪ್ಪಾಗುತ್ತದೆ. ಸಣ್ಣ ರೈಫಲ್ಲಿನ ಅಗ್ಗದ ಸ್ಕೋಪುಗಳ ಗಾಜನ್ನು ಸಾಮಾನ್ಯವಾಗಿ ಐವತ್ತು ಗಜದ ಆಸುಪಾಸಿಗೆ ಹೊಂದಿಸಿ ಬಿಟ್ಟಿರುತ್ತಾರೆ, ಹತ್ತಿರಕ್ಕೂ ದೂರಕ್ಕೂ ಬದಲಿಸುವ ಚಕ್ರವೇ ಅವುಗಳಲ್ಲಿ ಇರುವುದಿಲ್ಲ. ಹರಹೂ ಕಿರಿದು, ನೋಡುವುದೂ ಒಂದೇ ಕಣ್ಣಿನಲ್ಲಿ. ಪಕ್ಷಿಧಾಮದ ಗೇಟಿನಲ್ಲಿ ಅರಣ್ಯ ಸಿಬ್ಬಂದಿಗೆ ಅದೇನೆಂದು ವಿವರಿಸುತ್ತ ನಿಲ್ಲುವ ಪಾಡು ಬೇರೆ. ಆಯುಧ ಹಿಡಿದು ಅಭಯಾರಣ್ಯ ಪ್ರವೇಶಿಸಲು ಲಿಖಿತ ಅನುಮತಿ ಬೇಕು ಎನ್ನುತ್ತದೆ ಕಾಯ್ದೆ.

ಹಿಡಕಲ್ ಜಲಾಶಯದ ಮಾತೇ ಬೇರೆ. ಅಲ್ಲಿ ಬಾತುಗಳ ಹಿಂಡು ಕಿಲೋಮೀಟರ್ ಆಚೆ ಕರಿ ಚುಕ್ಕೆಗಳ ಸಾಲಾಗಿ ತೇಲುತ್ತಿದ್ದರೆ 8 ಪಟ್ಟು, 10 ಪಟ್ಟು ಯಾವುದೂ ಸಾಲದು. ಪಟ್ಟೆತಲೆ ಹೆಬ್ಬಾತೋ ಊರ ಬಾತೋ ಎಂದು ತಿಳಿಯಲು 20-60 ಪಟ್ಟಿನ ಸ್ಪಾಟಿಂಗ್ ಸ್ಕೋಪು ಬೇಕು. ಅದಕ್ಕೆ ಗಟ್ಟಿ ಟ್ರೈಪಾಡು ಕಡ್ಡಾಯ, ಹಾಗಾಗಿ ಸ್ಕೋಪಿನ ಬೆಲೆಗೆ ಟ್ರೈಪಾಡಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮೊದಲ ವರ್ಷವೇ ಇದಕ್ಕೆ ಕೈ ಹಾಕುವುದು ಬೇಡ. ದುರ್ಬೀನು ಅಭ್ಯಾಸವಾಗಿ, ದೂರದ ಬಾತುಗಳ ಹೆಸರಿಗಾಗಿ ನಿದ್ದೆಗೆಡುವ ಹಂತ ಬಂದ ಮೇಲೆ ನೋಡಿಕೊಳ್ಳಬಹುದು.

ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಸಾಧ್ಯವಾದರೆ ಅದೇ ಉತ್ತಮ. ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಬೇಕು, ಮಾರುವವರು ಅವಸರ ಮಾಡಿದರೂ ಬಿಡಬಾರದು. ದುರ್ಬೀನನ್ನು ತೋಳುದ್ದ ದೂರ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಣ್ಣಿನ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ದುಂಡಗಿದ್ದು ಅಂಚಿನವರೆಗೂ ಬೆಳ್ಳಗಿದ್ದರೆ ಸರಿ, ಅಂಚುಗಳು ಕತ್ತರಿಸಿದಂತೆ ಬೂದುಬಣ್ಣಕ್ಕಿದ್ದರೆ ಪ್ರಿಸಂ ಕೆಳದರ್ಜೆಯದು. ಆಮೇಲೆ ಹೊರಗೆ ಬಂದು ದೂರದ ವಿದ್ಯುತ್ ತಂತಿಯನ್ನೋ ಕಟ್ಟಡದ ಅಂಚನ್ನೋ ಐದು ನಿಮಿಷ ನೋಡಿ. ಗೆರೆ ಎರಡಾಗಿ ಕಂಡರೆ, ಹಣೆ ಹಿಡಿದಂತಾದರೆ, ಎರಡು ಕೊಳವೆಗಳ ನೇರ ತಪ್ಪಿದೆ ಎಂದರ್ಥ. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಬೇಡ. ಕೊನೆಗೆ ಆಕಾಶಕ್ಕೆ ಎದುರಾಗಿ ನಿಂತ ಕಪ್ಪು ಕೊಂಬೆಯನ್ನು ನೋಡಿ. ಅಂಚಿನಲ್ಲಿ ನೇರಳೆ-ಹಸಿರು ಗೆರೆ ಸ್ವಲ್ಪ ಇದ್ದರೆ ಈ ಬೆಲೆಗೆ ಸಹಿಸಬಹುದು, ದಪ್ಪಗಿದ್ದರೆ ಬಿಡಬೇಕು. ಆನ್‌ಲೈನಿನಲ್ಲಿ ತರಿಸುವವರು ಹಿಂದಿರುಗಿಸುವ ಗಡುವಿನೊಳಗೇ ಇವನ್ನೆಲ್ಲ ಮಾಡಿ ಮುಗಿಸಬೇಕು, ಬಿಲ್ಲು ಮತ್ತು ವಾರಂಟಿ ಕಾರ್ಡು ಜೋಪಾನ.

ಹೊಸ ದುರ್ಬೀನು ಮಂಜು ಎಂದು ದೂರುವವರಲ್ಲಿ ಬಹಳ ಜನ ಬಲಗಣ್ಣಿನ ಉಂಗುರವನ್ನು ಮುಟ್ಟಿಯೇ ಇರುವುದಿಲ್ಲ. ಎಡಗಣ್ಣು, ಬಲಗಣ್ಣಿನ ಶಕ್ತಿ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿಗೆ ಅಂಗಡಿಯ ಬೋರ್ಡೊಂದು ಸ್ಪಷ್ಟವಾಗುವಂತೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಬೋರ್ಡನ್ನು ಸ್ಪಷ್ಟ ಮಾಡಿಕೊಳ್ಳಿ. ಇದು ಒಬ್ಬರಿಗೆ ಒಂದು ಸಲ ಮಾಡಿದರಾಯಿತು, ಆಮೇಲೆಲ್ಲ ನಡುವಿನ ಚಕ್ರವೊಂದೇ ಸಾಕು. ಹಕ್ಕಿ ಹುಡುಕುವಾಗ ಕಣ್ಣನ್ನು ಹಕ್ಕಿಯಿಂದ ಕೀಳದೆ ದುರ್ಬೀನನ್ನೇ ಕಣ್ಣಿಗೆ ತರಬೇಕು. ತಲೆ ಬಗ್ಗಿಸಿ ದುರ್ಬೀನು ನೋಡಿ ಮತ್ತೆ ತಲೆ ಎತ್ತಿದರೆ ಹಕ್ಕಿ ತಪ್ಪಿತು.

ಧೂಪದಾಳದಲ್ಲಿ ಬೆಳಿಗ್ಗೆ ನೋಡುವವರು ಸೂರ್ಯ ಬೆನ್ನಿಗಿರುವ ದಂಡೆ ಆರಿಸಿಕೊಳ್ಳಬೇಕು. ಎದುರು ಬಿಸಿಲಿನಲ್ಲಿ ಎಷ್ಟು ದುಬಾರಿ ಗಾಜಾದರೂ ಎಲ್ಲ ಹಕ್ಕಿಯೂ ಕಪ್ಪೇ. ಮರೆತೂ ಸೂರ್ಯನತ್ತ ದುರ್ಬೀನು ತಿರುಗಿಸಬಾರದು, ಕಣ್ಣು ಶಾಶ್ವತವಾಗಿ ಹೋಗಬಹುದು. ಮಕ್ಕಳ ಕೈಗೆ ಕೊಡುವ ಮೊದಲು ಹೇಳಬೇಕಾದ ಮಾತೂ ಇದೇ. ಇನ್ನಷ್ಟು ಹತ್ತಿರದಿಂದ ನೋಡುವ ಆಸೆಗೆ ಗೂಡುಗಳ ಬಳಿ ನುಗ್ಗುವಂತಿಲ್ಲ. ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಕಾಯ್ದೆ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ.

ಮನೆಗೆ ಬಂದ ಮೇಲೆ ಗಾಜನ್ನು ಅಂಗಿಯ ತುದಿಯಿಂದ ಒರೆಸುವ ಚಟ ಬಿಡಬೇಕು. ಕಬ್ಬಿನ ಹಂಗಾಮಿನ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಒಂದೇ ಒರೆತಕ್ಕೆ ಲೇಪ ಗೀಚಿಹೋಗುತ್ತದೆ. ಮೊದಲು ಗಾಳಿಯ ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಲೆನ್ಸಿನ ಬಟ್ಟೆ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ದುರ್ಬೀನಿನ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ, ಅದನ್ನು ತೆಗೆಸುವ ಖರ್ಚು ಕೆಲವೊಮ್ಮೆ ಹೊಸದರ ಅರ್ಧ ಬೆಲೆ. ಹಳೆಯದನ್ನು ಕೊಳ್ಳುವವರು ಮುಂದಿನ ಗಾಜಿನೊಳಕ್ಕೆ ಟಾರ್ಚ್ ಹಿಡಿದು ಮೊದಲು ನೋಡಬೇಕಾದುದೂ ಇದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ತಿಂಗಳಿಗೊಮ್ಮೆ ಹೊರತೆಗೆದು ಬೆಳಕಿಗೆ ಹಿಡಿದರೆ ಸಾಕು. ಬಣ್ಣ ಬದಲಿಸುವ ಸಿಲಿಕಾ ಜೆಲ್ ಆದರೆ ತೇವ ಹೀರಿದ್ದು ಕಣ್ಣಿಗೇ ತಿಳಿಯುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.